ಎರಡು ಪುಟ ಹೆಚ್ಚು

ಸೋಮವಾರ, ೧೪ ಜನವರಿ ೧೯೬೩

ಹಳೆಯ ದಿನಚರಿ ಮುಗಿದಿತ್ತು. ಗೋದಾಮಿನ ಮೇಸ್ತ್ರಿ ಕಾಬ್ ಇವತ್ತು ಇನ್ನೊಂದು ಖಾಲಿ ಪುಸ್ತಕ ತಂದುಕೊಟ್ಟ. ಹೊಸ ಪುಸ್ತಕ ಎಷ್ಟು ದಪ್ಪ ಬರುತ್ತದೆಂದು ತೋರಿಸಲು ಬೈಂಡರು ಬರೀ ಬಿಳಿ ಹಾಳೆ ಹೊಲಿದು ಕಳಿಸುವ ಮಾದರಿ ಪ್ರತಿ ಇದು. ಮೂವತ್ತೈದು ವರ್ಷಗಳಿಂದ ನನ್ನ ದಿನಚರಿಗಳೆಲ್ಲ ಇಂಥವುಗಳಲ್ಲೇ. ಮೊದಲ ಪುಟದಿಂದಲೇ ಶುರು, ಅಂಚಿನವರೆಗೂ ಬರಹ. ಕಾಗದ ಹಾಳುಮಾಡುವುದು ನನ್ನ ಜಾಯಮಾನದಲ್ಲೇ ಇಲ್ಲ.

ಹೊರಗೆ ಹಿಮ ಕರಗುವ ಲಕ್ಷಣವಿಲ್ಲ. ಆಫೀಸಿನ ನಲ್ಲಿಗಳು ಹೆಪ್ಪುಗಟ್ಟಿ ಹದಿನೈದು ದಿನವಾಯಿತು, ಟೀಗೆ ಪಕ್ಕದ ಹೋಟೆಲಿನಿಂದ ನೀರು ತರಿಸಬೇಕು. ಇಂಥದರಲ್ಲಿ ಯಜಮಾನರಾದ ಮಿಸ್ಟರ್ ಲಯನೆಲ್ ಬೆಳಗ್ಗೆಯೇ ಕರೆದರು. ಬ್ರಾಂಡ್ರೆತ್ ಪ್ರಕಾಶನಕ್ಕೆ ಈ ಜೂನಿಗೆ ನೂರು ವರ್ಷ. ನಮ್ಮ ಪ್ರಕಾಶನ ಮನೆಯ ಚರಿತ್ರೆಯನ್ನು ತಾವೇ ಬರೆಯುತ್ತಿದ್ದಾರಂತೆ. ಅಂಕಿಅಂಶ, ಇಸವಿ ನೋಡಿಕೊಳ್ಳುವುದು ನಾನು, ಅಚ್ಚು ಹಾಕಿಸುವುದೂ ನಾನು.

"ಮಿಸ್ ಪೊಲಾರ್ಡ್, ನನ್ನ ತಾತನಿಗಿಂತ ಈ ಮನೆ ನಿಮಗೇ ಚೆನ್ನಾಗಿ ಗೊತ್ತು" ಎಂದರು.

ಗೊತ್ತಿದೆ, ಹೌದು. ೧೮೬೩ರಲ್ಲಿ ಜೋಸೈಯಾ ಬ್ರಾಂಡ್ರೆತ್ ಜೇನುಸಾಕಣೆಯ ಪಂಚಾಂಗ ಮಾರಿ ಮೇಲೆ ಬಂದವನು. ಆಮೇಲೆ ಪಾದ್ರಿಗಳ ಪ್ರವಚನ ಮೂವತ್ತೇಳು ಸಂಪುಟ, ಅವನ್ನು ಪಾದ್ರಿಗಳ ಹೆಂಡತಿಯರೂ ಓದಿರಲಾರರು. ಆಮೇಲೆ ನೀಲಿ ಬಟ್ಟೆಯ ರಟ್ಟಿನ ಕಾಲ್ನಡಿಗೆಯ ಕೈಪಿಡಿಗಳು, ಆಮೇಲೆ ಕಾದಂಬರಿಗಳು. ಬಿಸ್ಕತ್ತು ಕಾರ್ಖಾನೆಯ ಸರ್ ರಾಲ್ಫ್ ಕಾಂಬರ್ ಕಂಪನಿಯನ್ನು ಕೊಳ್ಳುತ್ತಾನೆಂದು ಎಲ್ಲರ ಬಾಯಲ್ಲೂ ಇದೆ. ಚರಿತ್ರೆ ಬರೆಸಿ ಮಾರುವುದು, ಹೆಣ್ಣನ್ನು ಸಿಂಗರಿಸಿ ತೋರಿಸಿದ ಹಾಗೆ. ಆದರೂ ನನ್ನ ಮನಸ್ಸಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ, ೨೯ ಜನವರಿ

ಒಂಬತ್ತನೇ ಅಧ್ಯಾಯ ಬಂತು: ಯುದ್ಧಕಾಲ. ಅದರಲ್ಲಿ ನಾನಿದ್ದೇನೆ! ಹೆಸರು ಹಾಕಿ ಬರೆದಿದ್ದಾರೆ. ೧೯೪೨ರಲ್ಲಿ, ಕಾಗದಕ್ಕೆ ಸರ್ಕಾರದ ಪಡಿತರವಿದ್ದಾಗ, 'ದೋಣಿಕಟ್ಟೆಯ ಮಂದಿ' ಕಾದಂಬರಿ ಎರಡು ಪುಟ ಹೆಚ್ಚಾಗಿ ನಿಂತುಹೋಗಿತ್ತು, ಮಿಸ್ ಪೊಲಾರ್ಡ್ ಆ ಎರಡು ಪುಟ ಉಳಿಸಿ ಪುಸ್ತಕವನ್ನು ಹೊರತಂದರು, ಎಂದು.

ನಿಜವೇ. ಹದಿನಾರು ಪುಟಕ್ಕೆ ಒಂದು ಫಾರಂ. ಹದಿನಾಲ್ಕು ಫಾರಂ ಎಂದರೆ ಇನ್ನೂರ ಇಪ್ಪತ್ತನಾಲ್ಕು ಪುಟ. ಅಚ್ಚಿನವನ ಪಟ್ಟಿಯಲ್ಲಿ ಇನ್ನೂರ ಇಪ್ಪತ್ತಾರು ಬಂದಿತ್ತು. ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಕಾಗದ ಎಲ್ಲಿಂದ ತರುವುದು? ಪುಸ್ತಕದ ಮುಂಭಾಗದಲ್ಲಿ ಎಲ್ಲೋ ಎರಡು ಪುಟ ಹೊಡೆದುಹಾಕಿದೆ. ಲೇಖಕ ಡೆನಿಸ್ ಗಾರ್ತ್ ಹಡಗಿನ ಕೆಲಸದವನು, ಕೇಳೋಣವೆಂದರೆ ಸಮುದ್ರದ ನಡುವೆ. ಆ ಫೆಬ್ರವರಿಯಲ್ಲೇ ಹಡಗು ಮುಳುಗಿ ಸತ್ತ. ಮೇ ತಿಂಗಳಲ್ಲಿ ಪುಸ್ತಕ ಬಂತು. ಇವತ್ತಿಗೂ ನಮ್ಮ ಮನೆಯ ಒಳ್ಳೆಯ ಪುಸ್ತಕ ಯಾವುದೆಂದರೆ ಅದೇ.

ಗಾರ್ತ್ ಒಮ್ಮೆ ನನಗೆ ಕಿತ್ತಳೆಹಣ್ಣು ತಂದುಕೊಟ್ಟಿದ್ದ. ಯುದ್ಧಕಾಲದಲ್ಲಿ ಕಿತ್ತಳೆ! ಸಿಪ್ಪೆಯನ್ನೂ ಎಸೆಯದೆ ಮರ್ಮಲೇಡ್ ಜಾಮಿಗೆ ಹಾಕಿದ್ದೆ.

ಯಾವ ಎರಡು ಪುಟ ಎಂದು ನೆನಪಾಗುತ್ತಿಲ್ಲ. ಹಳೆಯ ಕಡತ ತೆಗೆಸಿ ನೋಡಬೇಕು. ಚರಿತ್ರೆಯಲ್ಲಿ ತಪ್ಪು ಹೋಗಬಾರದು.

ಗುರುವಾರ, ೩೧ ಜನವರಿ

ಅರ್ಪಣೆಯ ಪುಟ, ಅದರ ಹಿಂದಿನ ಖಾಲಿ ಪುಟ.

ಕಡತದಲ್ಲಿ ಅಚ್ಚಿನವನ ಪಟ್ಟಿ ಇತ್ತು. 'ಅರ್ಪಣೆ, ೧ ಪುಟ; ಖಾಲಿ, ೧ ಪುಟ' ಎಂಬ ಸಾಲಿನ ಮೇಲೆ ನನ್ನ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ನನ್ನ ಸಹಿ. ಪಟ್ಟಿಯ ಕೆಳಗೆ ಗಾರ್ತನ ಟೈಪು ಪ್ರತಿ. ಅದರ ಎರಡನೇ ಹಾಳೆಯಲ್ಲಿ ಹೀಗಿದೆ:

'ಯಾವ ನಾವಿಕನಿಗಿಂತಲೂ ಗಟ್ಟಿ ಗಂಟು ಹಾಕುವ, ಈ ಯುದ್ಧ ಮುಗಿದರೆ ನನ್ನ ಮಡದಿಯಾಗುವ ಓಲಿವ್ ಸ್ಪಿಂಕ್‌ಗೆ.'

ಸ್ಪಿಂಕ್ ಎಂಬ ಆ ಹುಡುಗಿ ಗೋದಾಮಿನಲ್ಲಿ ಪುಸ್ತಕದ ಕಟ್ಟು ಕಟ್ಟುವವಳು. ಬಾಯಿ ಜೋರು. ಗಾರ್ತ್ ತನ್ನನ್ನು ಮದುವೆಯಾಗುತ್ತಾನೆಂದು ಹೇಳಿಕೊಂಡು ತಿರುಗುತ್ತಿದ್ದಳು, ಯಾರೂ ನಂಬುತ್ತಿರಲಿಲ್ಲ. ಅವನು ಸತ್ತ ಮೇಲೆ ಹೊಟ್ಟೆ ಕಾಣಿಸಿಕೊಂಡಿತು. "ಪುಸ್ತಕ ಬರ್ಲಿ, ಮೊದಲ್ನೇ ಪುಟದಲ್ಲಿ ನನ್ ಹೆಸ್ರಿದೆ, ಅವನ ತಾಯಿಗೆ ಅದನ್ನೇ ತೋರಿಸ್ತೀನಿ" ಎನ್ನುತ್ತಿದ್ದಳು. ಪುಸ್ತಕ ಬಂದ ದಿನ ಗೋದಾಮಿನವರೆಲ್ಲ ಸುತ್ತ ನಿಂತಿದ್ದರು. ಅವಳೇ ಕಟ್ಟು ಬಿಚ್ಚಿ ತೆರೆದಳು. ಹೆಸರಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ನಾನೂ ಅಲ್ಲಿದ್ದೆ.

ಶುಕ್ರವಾರ, ೧ ಫೆಬ್ರವರಿ

ನಿದ್ದೆ ಇಲ್ಲ. ಆದರೆ ನನ್ನದೇನು ತಪ್ಪು? ಪಟ್ಟಿಯಲ್ಲಿ 'ಅರ್ಪಣೆ' ಎಂದಷ್ಟೇ ಇತ್ತು, ಹೆಸರಿರಲಿಲ್ಲ. ಮುಂಭಾಗದ ಪುಟಗಳನ್ನು ಮೊದಲು ತೆಗೆಯಬೇಕೆನ್ನುವುದು ಇಡೀ ಲಂಡನ್ನಿನ ಅಚ್ಚು ವಿಭಾಗಗಳ ಪದ್ಧತಿ. ಲೇಖಕನ ಮಾತು ಪವಿತ್ರ, ಅರ್ಪಣೆ ಅಲಂಕಾರ.

ಶನಿವಾರ, ೨ ಫೆಬ್ರವರಿ

ಇನ್ನೊಂದು ವಿಷಯ ಇದೆ. ಬರೆದೇ ಬಿಡುತ್ತೇನೆ.

ಪುಸ್ತಕ ಬಂದ ವಾರ ಮಿಸ್ಟರ್ ಲಯನೆಲ್ ನನ್ನನ್ನು ಕರೆದು ಕೇಳಿದ್ದರು. ಗಾರ್ತನ ತಾಯಿ ಒಳಕೋಣೆಯಲ್ಲಿ ಕಪ್ಪು ಟೋಪಿ ಹಾಕಿ ಕೂತಿದ್ದಳು. "ಆ ಹುಡುಗಿ ಹೇಳೋದ್ರಲ್ಲಿ ಏನಾದ್ರೂ ಹುರುಳಿದೆಯಾ? ಟೈಪು ಪ್ರತಿ ನೋಡಿದ್ರಾ?" ಎಂದರು.

"ನೋಡಿದ್ದೀನಿ ಸರ್, ಏನೂ ಇಲ್ಲ" ಎಂದೆ.

ನೋಡಿರಲಿಲ್ಲ. ಕಡತ ಎರಡು ಮಹಡಿ ಕೆಳಗಿತ್ತು. ಸ್ಪಿಂಕ್ ಆ ಶುಕ್ರವಾರವೇ ಕೆಲಸ ಕಳೆದುಕೊಂಡಳು.

ಮಂಗಳವಾರ, ೧೨ ಫೆಬ್ರವರಿ

ಮಿಸ್ಟರ್ ಲಯನೆಲ್ ಮುಂದೆ ಆ ಅರ್ಪಣೆಯ ಹಾಳೆ ಇಟ್ಟೆ. ಎಪ್ಪತ್ತರ ಮುದುಕ, ಕನ್ನಡಕ ಏರಿಸಿ ಓದಿದರು, ಇಳಿಸಿ ಕಿಟಕಿ ನೋಡಿದರು.

"ಅಯ್ಯೋ ಪಾಪ. ಆದ್ರೆ ಈಗ್ಯಾಕೆ ಮಿಸ್ ಪೊಲಾರ್ಡ್? ಇಪ್ಪತ್ತೊಂದು ವರ್ಷ ಆಯ್ತು. ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ವೋ."

"ಚರಿತ್ರೆ ಅಂದ್ಮೇಲೆ ಇದೂ ಚರಿತ್ರೇನೇ ಅಲ್ವಾ ಸರ್?"

"ಚರಿತ್ರೆ ಅಂದ್ರೆ ಎಲ್ಲಾ ಬಟ್ಟೇನೂ ಬೀದೀಲಿ ಒಗೆಯೋದಲ್ಲ."

ಹಾಳೆಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ. ಮೂವತ್ತೈದು ವರ್ಷದಲ್ಲಿ ನಾನು ಅವರನ್ನು ಏನನ್ನೂ ಕೇಳಿದವಳಲ್ಲ, ಅದು ಅವರಿಗೂ ನೆನಪಾಗಿರಬೇಕು. "ಸರಿ, ಕೊನೇಲಿ ಒಂದು ಸಣ್ಣ ಟಿಪ್ಪಣಿ ಹಾಕಿ. ಸಣ್ಣದು!" ಎಂದು ಕೈ ಬೀಸಿದರು.

ಶನಿವಾರ, ೨೩ ಫೆಬ್ರವರಿ

ಕಾಬ್ ಬಳಿ ಸ್ಪಿಂಕ್‌ಳ ವಿಳಾಸವಿತ್ತು. ಅವನ ಹೆಂಡತಿ ಇಷ್ಟು ವರ್ಷವೂ ಅವಳಿಗೆ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಿದ್ದಳಂತೆ. ಈ ಮನೆಯಲ್ಲಿ ನನಗೆ ಗೊತ್ತಿಲ್ಲದ್ದೂ ಇದೆ.

ಲಂಡನ್ನಿನ ಅಂಚಿನ ಲೇಟನ್ನಿನಲ್ಲಿ ಒಂದು ಸಾಲುಮನೆ. ಬಾಗಿಲ ಫಲಕದಲ್ಲಿ 'ಮಿಸೆಸ್ ಸ್ಪಿಂಕ್'. ನೆರೆಯವರು ವಿಧವೆಯೆಂದು ತಿಳಿದಿದ್ದಾರೆ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ತೋಳು ದಪ್ಪಗಾಗಿದೆ, ಬಾಯಿ ಹಾಗೇ ಇದೆ.

"ಓಹೋ, ಅಚ್ಚು ವಿಭಾಗದ ಮಹಾರಾಣಿ! ಏನು, ಅವತ್ತು ನಗೋದು ಬಾಕಿ ಉಳಿದಿತ್ತಾ?"

ಕೂರಲು ಹೇಳಲಿಲ್ಲ. ನಿಂತೇ ಹಾಳೆಯನ್ನು ಕೊಟ್ಟೆ. ಓದಿದಳು. ಮತ್ತೆ ಓದಿದಳು. ಒಲೆಯ ಮೇಲಿನ ಕೆಟಲ್ ಕೂಗುತ್ತಲೇ ಇತ್ತು, ಅವಳು ಇಳಿಸಲಿಲ್ಲ, ನಾನೇ ಇಳಿಸಿದೆ.

"ಇದನ್ನ ತೆಗ್ದವರು ಯಾರು?"

"ನಾನು. ಎರಡು ಪುಟ ಹೆಚ್ಚಾಗಿತ್ತು."

"ಓದಿ ತೆಗೆದ್ರಾ, ಓದದೆ ತೆಗೆದ್ರಾ?"

"ಓದದೆ."

"ಆಮೇಲೆ ಆ ಮುದುಕಿ ಬಂದಾಗ? ನೋಡಿದ್ದೀನಿ, ಇಲ್ಲ ಅಂತ ನೀವೇ ಹೇಳಿದ್ರಂತೆ. ನೋಡಿದ್ರಾ?"

"ಇಲ್ಲ" ಎಂದೆ.

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಕುರ್ಚಿ ಎಳೆದು ಕೂತಳು.

"ಆ ನಗೋರ ಮಾತು ಬಿಡಿ. ಕೆಲ್ಸ ಹೋಗಿದ್ದೂ ಬಿಡಿ. ನಾನು ಇಪ್ಪತ್ತೊಂದು ವರ್ಷ ಅವನನ್ನ ಬೈಕೊಂಡು ಬದುಕಿದ್ದೀನಲ್ರೀ. ಸುಳ್ಳ, ಕಳ್ಳ, ಹಡಗು ಹತ್ತೋವಾಗ ಒಂದು ಮಾತು, ಇಳಿಯೋವಾಗ ಒಂದು ಮಾತು ಅಂತ. ನಮ್ ರೂತ್‌ಗೆ ಅಪ್ಪನ ಹೆಸ್ರು ಗೊತ್ತು, ಅಪ್ಪ ಮೋಸಗಾರ ಅಂತಾನೂ ಗೊತ್ತು. ನಾನೇ ಹೇಳ್ಕೊಟ್ಟಿದ್ದು. ಮೊಲೆ ಕುಡಿಯೋವಾಗ್ಲಿಂದ ಹೇಳ್ಕೊಟ್ಟಿದ್ದೀನಿ. ಸತ್ತೋನು ನೀರಿನ ತಳದಿಂದ ಬಂದು ಇಲ್ಲ ಅಂತ ಹೇಳೋಕಾಗುತ್ತಾ?"

ಕ್ಷಮಿಸಿ ಎಂದೆ. ಎಷ್ಟು ಸಣ್ಣ ಮಾತು ಅದು.

"ನಿಮ್ಮ ಕ್ಷಮೆ ನಂಗೆ ಬೇಡ. ಅಚ್ಚಿನಿಂದ ತೆಗೆದ್ರಿ, ಅಚ್ಚಲ್ಲೇ ಕೊಡಿ. ರೂತ್ ಕೈಗೆ ನಾನು ಅಚ್ಚಾಗಿರೋದು ಕೊಡ್ಬೇಕು. ಬಾಯಿಮಾತು ಅವಳು ನಂಬಲ್ಲ, ನಂಬಬಾರದು ಅಂತ್ಲೂ ನಾನೇ ಕಲಿಸಿದ್ದೀನಿ."

ಕೊಡುತ್ತೇನೆಂದು ಮಾತು ಕೊಟ್ಟೆ. ಬಾಗಿಲ ಹತ್ತಿರ, ಏನಾದರೂ ಹೇಳಬೇಕೆಂದು, ಗಾರ್ತ್ ನನಗೂ ಕಿತ್ತಳೆ ಕೊಟ್ಟಿದ್ದ ಎಂದೆ.

"ಅವ್ನು ಎಲ್ರಿಗೂ ಕೊಡ್ತಿದ್ದ" ಎಂದಳು.

ಸೋಮವಾರ, ೮ ಏಪ್ರಿಲ್

ಚರಿತ್ರೆಯ ಪುಟಗಳ ಪ್ರೂಫು ಬಂತು. ಕೊನೆಯ ಹಾಳೆಯಲ್ಲಿ ಟಿಪ್ಪಣಿ, ಅದರ ಹಿಂದೆ ಖಾಲಿ. ಎಲ್ಲ ಸೇರಿ ನೂರ ತೊಂಬತ್ತೆರಡು ಪುಟ, ಸರಿಯಾಗಿ ಹನ್ನೆರಡು ಫಾರಂ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಲೆಕ್ಕ ಹಾಕಿ ಕೂರಿಸಿದವಳು ನಾನೇ.

ಟಿಪ್ಪಣಿಯಲ್ಲಿ ಅರ್ಪಣೆಯ ಮಾತು ಇದ್ದ ಹಾಗೆಯೇ ಇದೆ. ಕೊನೆಯ ಸಾಲು: 'ಇದನ್ನು ಓದದೆ ತೆಗೆದುಹಾಕಿದ್ದು, ಮತ್ತು ಇಂಥದೊಂದು ಇರಲೇ ಇಲ್ಲವೆಂದು ನೋಡದೆ ಹೇಳಿದ್ದು, ಅಚ್ಚು ವಿಭಾಗದ ಹಿಲ್ಡಾ ಪೊಲಾರ್ಡ್.' ಅಕ್ಷರ ಜೋಡಿಸುವವನು ಫೋನ್ ಮಾಡಿ, "ಇದು ಇರ್ಬೇಕಾ ಮಿಸ್?" ಎಂದ. ಇರಬೇಕು ಎಂದೆ.

ಸೋಮವಾರ, ೨೨ ಏಪ್ರಿಲ್

ಮಿಸ್ಟರ್ ಲಯನೆಲ್ ಖುದ್ದಾಗಿ ನನ್ನ ಕೋಣೆಗೆ ಬಂದರು. ಹಾಗೆ ಬಂದದ್ದು ಬಾಂಬು ಬಿದ್ದ ವರ್ಷವೇ ಕೊನೆ. ಕೈಯಲ್ಲಿ ಒಂದು ಚೀಟಿ. ಸರ್ ರಾಲ್ಫ್ ಜೊತೆ ವ್ಯವಹಾರ ಕುದುರಿದೆ, ಚರಿತ್ರೆಯನ್ನು ಅವನಿಗೆ ಅರ್ಪಿಸಬೇಕು. 'ಇಂಗ್ಲಿಷ್ ಅಕ್ಷರಲೋಕದ ಮಿತ್ರ ಸರ್ ರಾಲ್ಫ್ ಕಾಂಬರ್ ಅವರಿಗೆ.' ಬಿಸ್ಕತ್ತಿನ ಡಬ್ಬಿಯ ಮೇಲಿನ ಅಕ್ಷರ ಬಿಟ್ಟು ಅವನು ಬೇರೇನು ಓದಿದ್ದಾನೋ.

"ಪುಟ ನೂರ ತೊಂಬತ್ನಾಲ್ಕು ಆಗುತ್ತೆ ಸರ್. ಎರಡು ಹೆಚ್ಚು."

ಅವರು ನಕ್ಕರು. ಹಾಗೆ ನಗುವುದನ್ನು ನಾನು ಹಿಂದೆ ಮೆಚ್ಚಿದ್ದೂ ಉಂಟು.

"ಎರಡು ಪುಟ ಹೆಚ್ಚಾದ್ರೆ ಏನ್ಮಾಡ್ಬೇಕು ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ? ಆ ಹುಡುಗಿ ಟಿಪ್ಪಣಿ ತೆಗೀರಿ. ಇದು ಜೂನಲ್ಲಿ ನೂರನೇ ವರ್ಷದ ಊಟಕ್ಕೆ ಬರೋರ ಪುಸ್ತಕ, ಗೋದಾಮಿನೋರದಲ್ಲ."

"ಮಾತು ಕೊಟ್ಟಿದ್ದೀನಿ ಸರ್."

"ಯಾರನ್ನ ಕೇಳಿ ಕೊಟ್ರಿ?"

ಬಾಗಿಲು ಮುಚ್ಚಿಕೊಂಡು ಹೋದರು. ಮೆಲ್ಲಗೆ ಮುಚ್ಚಿದರು, ದೊಡ್ಡ ಮನುಷ್ಯರಲ್ಲವೇ.

ಮಂಗಳವಾರ, ೨೩ ಏಪ್ರಿಲ್

ಅಚ್ಚಿಗೆ ಒಪ್ಪಿಗೆ ಕೊಟ್ಟೆ. ಎರಡು ಪುಟ ಹೆಚ್ಚಾಗಿತ್ತು. ಮುಂಭಾಗದ ಪುಟಗಳನ್ನು ಮೊದಲು ತೆಗೆಯಬೇಕೆನ್ನುವುದು ಪದ್ಧತಿ. 'ಅರ್ಪಣೆ, ೧ ಪುಟ. ಖಾಲಿ, ೧ ಪುಟ' ಎಂಬ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಸಹಿ ಹಾಕಿದೆ. ಪದ್ಧತಿಯನ್ನು ಪಾಲಿಸಿದ್ದೇನೆ ಅಷ್ಟೆ. ರಾತ್ರಿ ಊಟಕ್ಕೆ ಸುಟ್ಟ ಹೆರಿಂಗ್ ಮೀನು, ಚೆನ್ನಾಗಿತ್ತು.

ಬುಧವಾರ, ೨೯ ಮೇ

ಒಂದು ಸಾವಿರ ಪ್ರತಿ ಬೈಂಡರಿನಿಂದ ಬಂದವು. ಕಾನೂನಿನಂತೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದು, ಉಳಿದ ಐದು ದೊಡ್ಡ ಗ್ರಂಥಾಲಯಗಳಿಗೆ ಐದು, ಎಂದಿನಂತೆ ಮೊದಲನೇ ದಿನವೇ ಕಳಿಸಿದೆ. ಉಳಿದದ್ದಕ್ಕೆ ಊಟದ ದಿನದವರೆಗೆ ಬೀಗ ಎಂದು ಮಿಸ್ಟರ್ ಲಯನೆಲ್ ಹೇಳಿದ್ದಾರೆ, ಅವರಿಗೆ ಅಚ್ಚರಿ ಎಂದರೆ ಇಷ್ಟ.

ಮಂಗಳವಾರ, ೪ ಜೂನ್

ಶತಮಾನೋತ್ಸವದ ಊಟ. ನಲವತ್ತು ಜನ. ಸಾಮನ್ ಮೀನು, ಸೌತೆಕಾಯಿ, ಸ್ಟ್ರಾಬೆರಿ. ನನಗೆ ಬಾಗಿಲ ಹತ್ತಿರದ ಕುರ್ಚಿ.

ಮಿಸ್ಟರ್ ಲಯನೆಲ್ ಎದ್ದು ನಿಂತು ಭಾಷಣ ಮಾಡಿ ಮೊದಲ ಪ್ರತಿಯನ್ನು ಸರ್ ರಾಲ್ಫ್ ಕೈಗೆ ಕೊಟ್ಟು, "ಮುಂದಿನ ಪುಟ ತಿರುವಿ, ಅಲ್ಲೊಬ್ಬ ಹಳೇ ಗೆಳೆಯನ ಹೆಸ್ರು ಸಿಗುತ್ತೆ" ಎಂದರು. ಸರ್ ರಾಲ್ಫ್ ತಿರುವಿದ. ವಿಷಯಸೂಚಿ. ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಪುಸ್ತಕ ಓದದವರ ಹಾಗೆ ಕೊನೆಯಿಂದಲೂ ತೆರೆದ. ಅಲ್ಲಿ ಹೆಸರು ಸಿಕ್ಕಿತು.

ಗಟ್ಟಿಯಾಗಿಯೇ ಓದಿದ. ಅವನ ದನಿ ದೊಡ್ಡದು. ಓದಿ ಮುಗಿಸಿ, "ಯಾರು ಈ ಓಲಿವ್ ಸ್ಪಿಂಕ್? ಪಾಪ, ಈಗ್ಲೂ ಇಲ್ಲೇ ಇದ್ದಾಳಾ?" ಎಂದ.

ಮಿಸ್ಟರ್ ಲಯನೆಲ್ ಮೇಜಿನ ಆ ತುದಿಯಿಂದ ಈ ತುದಿಗೆ ನನ್ನನ್ನು ನೋಡಿದರು. ಗೋದಾಮಿನಲ್ಲಿ ಅವತ್ತು ಅವಳ ಮುಖ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇವರಿಗೆ ಆದದ್ದು ಬರೀ ಮುಜುಗರ.

ಶುಕ್ರವಾರ, ೭ ಜೂನ್

ಎಲ್ಲ ಪ್ರತಿಗಳಿಂದಲೂ ಕೊನೆಯ ಹಾಳೆ ಕತ್ತರಿಸಬೇಕೆಂದು ಊಟದ ಮರುದಿನವೇ ಆಜ್ಞೆ ಬಂತು. ಮೂರು ದಿನದಿಂದ ಗೋದಾಮಿನಲ್ಲಿ ಬ್ಲೇಡಿನ ಸದ್ದು. ಕಾಬ್ ನನ್ನ ಮುಖ ನೋಡದೆ, "ಹೊಟ್ಟೆಪಾಡು ಅಮ್ಮಾವ್ರೆ" ಎಂದ. ೧೯೪೨ರಲ್ಲಿ ನನ್ನದೂ ಅದೇ ಆಗಿತ್ತೇನೋ. ಇಲ್ಲ. ಹೊಟ್ಟೆಪಾಡಿಗೆ ಅಂದಿದ್ದರೆ ಎರಡು ಮಹಡಿ ಇಳಿದು ಹೋಗಿ ನೋಡಬಹುದಿತ್ತು. ಅವಳ ಮಾತು ಸುಳ್ಳಾಗಿರಲಿ ಎಂದು ನನಗೆ ಆಸೆ ಇತ್ತು. ಒಂದು ಕಿತ್ತಳೆಗಾಗಿ.

ಮಿಸ್ಟರ್ ಲಯನೆಲ್ ಕರೆಸಿದರು. ಮಾಸಾಂತ್ಯಕ್ಕೆ ನಿವೃತ್ತಿ, ಐದು ವರ್ಷ ಮೊದಲೇ. ಆಮೇಲೆ, "ಆ ಗ್ರಂಥಾಲಯಗಳ ಆರು ಪ್ರತಿ ವಾಪಸ್ ತರಿಸಿ" ಎಂದರು.

"ಕೊಟ್ಟ ಮೇಲೆ ಅವು ರಾಷ್ಟ್ರದ್ದು. ತರಿಸೋಕಾಗಲ್ಲ, ಮಿಸ್ಟರ್ ಬ್ರಾಂಡ್ರೆತ್."

"ನನ್ನ ಅಪ್ಪ ನಿಮ್ಮನ್ನ ಕೆಲಸಕ್ಕೆ ತಗೊಂಡಾಗ ನೀವು ಹತ್ತೊಂಬತ್ತರ ಹುಡುಗಿ. ಈ ಮನೆ ನಿಮಗೆ ಏನು ಕಡಿಮೆ ಮಾಡಿತ್ತು?"

ಏನೂ ಕಡಿಮೆ ಮಾಡಿರಲಿಲ್ಲ. ಅದೇ ಹೇಳಿದೆ. ಬರುವಾಗ ಕಾಬ್ ನನ್ನ ಚೀಲಕ್ಕೆ ಏನೋ ತುರುಕಿದ. ಕತ್ತರಿಸದ ಒಂದು ಪ್ರತಿ.

ಶುಕ್ರವಾರ, ೨೮ ಜೂನ್

ಕೊನೆಯ ದಿನ. ಬೀಳ್ಕೊಡುಗೆಗೆ ಶೆರ್ರಿ ವೈನು, ಗಡಿಯಾರ. ಕಂಪನಿಯವರು ಕೊಟ್ಟ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ.

ಶನಿವಾರ, ೨೯ ಜೂನ್

ಪ್ರತಿಯನ್ನು ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಲೇಟನ್ನಿಗೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಪತ್ರ ಬರೆಯಲು ಕೂತೆ. ನಾಲ್ಕು ಸಲ ಬರೆದು ಹರಿದೆ. ಹರಿದದ್ದು ಒಳ್ಳೆಯ ಕಾಗದ. ಕೊನೆಗೆ ಪತ್ರ ಇಡಲಿಲ್ಲ.

ಮಂಗಳವಾರ, ೯ ಜುಲೈ

ಬೆಳಗಿನ ಅಂಚೆಯಲ್ಲಿ ಪೊಟ್ಟಣ ವಾಪಸ್ ಬಂತು. ಅದೇ ಕಂದು ಕಾಗದ, ಒಳಮೈ ಹೊರಗೆ ಮಾಡಿ ಸುತ್ತಿದ್ದು, ಮೇಲೆ ನನ್ನ ವಿಳಾಸ. ದಾರ ಮಾತ್ರ ಬೇರೆ ರೀತಿ ಕಟ್ಟಿತ್ತು. ನಾಲ್ಕು ಎಳೆ ಒಂದರೊಳಗೊಂದು ಹೊಕ್ಕು ಕೂತ ಗಂಟು, ಮೂವತ್ತೈದು ವರ್ಷ ಪುಸ್ತಕದ ಕಟ್ಟುಗಳ ನಡುವೆ ಬದುಕಿದ ನನಗೂ ಅದರ ತುದಿ ಸಿಗಲಿಲ್ಲ. ಕತ್ತರಿ ಮೇಜಿನ ಮೇಲೇ ಇತ್ತು. ಮುಟ್ಟಲಿಲ್ಲ. ಉಗುರಿನಿಂದ ಬಿಚ್ಚುತ್ತಾ ಕೂತೆ. ಬಿಚ್ಚುವಷ್ಟರಲ್ಲಿ ರೇಡಿಯೋದಲ್ಲಿ ಒಂದು ಗಂಟೆಯ ವಾರ್ತೆ ಬಂತು, ಒಂದು ಉಗುರು ಮುರಿದಿತ್ತು.

ಒಳಗೆ ಚರಿತ್ರೆ ಇತ್ತು. ಪತ್ರವಿದೆಯೇನೋ ಎಂದು ಹಾಳೆ ಹಾಳೆ ಕೊಡವಿದೆ. ಇರಲಿಲ್ಲ. ಕೊನೆಗೆ ತಿರುವಿದೆ. ಕೊನೆಯ ಹಾಳೆಯನ್ನು ಹೊಲಿಗೆಯ ಪಕ್ಕದಲ್ಲೇ ನೇರವಾಗಿ ಕತ್ತರಿಸಿ ತೆಗೆದುಕೊಂಡಿದ್ದಾಳೆ. ಕಾಬ್‌ನ ಹುಡುಗರಿಗಿಂತ ಎಷ್ಟೋ ಚೊಕ್ಕಟವಾದ ಕೈ.

ತುಂಬ ಹೊತ್ತು ಅಳುತ್ತಾ ಕೂತಿದ್ದೆ. ಯಾಕೆಂದು ನನ್ನನ್ನೇ ಕೇಳಿದರೆ ಹೇಳಲಾರೆ. ಆಮೇಲೆ ದಾರ ಸುತ್ತಿಟ್ಟು ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಬ್ರಾಂಡ್ರೆತ್ ಕಂಪನಿಯ ನೂರು ವರ್ಷ, ಜೇನಿನ ಪಂಚಾಂಗದಿಂದ ಬಿಸ್ಕತ್ತಿನವರೆಗೆ, ಅಧ್ಯಕ್ಷರ ಭಾವಚಿತ್ರಗಳ ಸಮೇತ, ಎಲ್ಲ ಹಾಗೇ ಇದೆ.

ಈ ದಿನಚರಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪುಟ ಉಳಿದಿವೆ. ಉಳಿಯಲಿ. ಅವಳಿಗೆ ಬೇಕಾದ ಹಾಳೆ ಅವಳು ತೆಗೆದುಕೊಂಡಳು, ಉಳಿದ ಚರಿತ್ರೆ ನನಗೆ.